ಲೊಕ್ವೇಶಸ್ ಗೊತ್ತು, ಹೆನ್ಸ್ ಗೊತ್ತಿಲ್ಲ!

ಬ್ಲಾಗಿನ ಕಡೆ ತಲೆ ಹಾಕಿ ಹೆಚ್ಚುಕಮ್ಮಿ ಎರಡು ತಿಂಗಳಾಯ್ತು. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ತಂಗಿ ಮದುವೆ, ಜೊತೆಗೆ ನನ್ನ ಹುಟ್ಟುಗುಣವಾದ ಸೋಮಾರಿತನ... ಮೂರೂ ಒಟ್ಟಿಗೆ ಸೇರಿಕೊಂಡವು. ಇವತ್ತೂ ಬರೆಯುತ್ತಿರಲಿಲ್ಲ. ಆದರೆ ಕಳೆದ ಭಾನುವಾರದಿಂದ ಹೊಟ್ಟೆಯೊಳಗೆ ಒಂದು ಸಿಟ್ಟು ಕೂತಿದೆ, ಇಲ್ಲಿ ಕಕ್ಕದೆ ಇದ್ದರೆ ಅದು ಇಳಿಯುವುದಿಲ್ಲ. ಪೋಸ್ಟ್ ಉದ್ದ ಆಗುತ್ತೆ, ಈಗಲೇ ಕಾಫಿ ಮಾಡ್ಕೊಂಡು ಬಂದುಬಿಡಿ :)

ವಿಷಯ ಇಷ್ಟು. ವಿಜಯನಗರದ ಹತ್ತಿರ ಇರುವ ಒಂದು ಹಾಸ್ಟೆಲ್ಲಿಗೆ ನಾನೂ ನನ್ನ ರೂಮ್‌ಮೇಟೂ ಭಾನುವಾರ ಹೋಗಿ ಹುಡುಗರಿಗೆ ಒಂದೆರಡು ಗಂಟೆ ಗಣಿತ ಹೇಳಿಕೊಡ್ತೀವಿ. ದೊಡ್ಡ ಸಮಾಜಸೇವೆ ಅಂತೇನೂ ಅಲ್ಲ, ಅಲ್ಲಿ ಮಧ್ಯಾಹ್ನ ಸಿಗುವ ಜೋಳದ ರೊಟ್ಟಿಯ ಆಸೆಯೂ ಇದೆ. ಅಲ್ಲೊಬ್ಬ ಸಿಂಧನೂರಿನ ಕಡೆಯ ಹುಡುಗ ಇದ್ದಾನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಈಗ ಇಂಜಿನಿಯರಿಂಗ್ ಎರಡನೇ ವರ್ಷ. ಕಳೆದ ಭಾನುವಾರ ಹೋದಾಗ ಮೂಲೆಯಲ್ಲಿ ಕೂತು ಏನನ್ನೋ ಮಂತ್ರದ ಹಾಗೆ ಗುನುಗುತ್ತಿದ್ದ. "ಲೊಕ್ವೇಶಸ್, ಟಾಕೆಟಿವ್. ಗ್ಯಾರುಲಸ್, ಟಾಕೆಟಿವ್. ಟ್ಯಾಸಿಟರ್ನ್, ನಾಟ್ ಟಾಕೆಟಿವ್..."

ಏನೋ ಇದು ಅಂದೆ. ಸ್ಕಾಲರ್‌ಶಿಪ್ ದುಡ್ಡಿನಲ್ಲಿ ನಾಲ್ಕು ಸಾವಿರ ಕಟ್ಟಿ ಒಂದು ಕೋಚಿಂಗ್ ಸೇರಿದ್ದಾನಂತೆ. 'ಅಡ್ವಾನ್ಸ್ಡ್ ವೊಕ್ಯಾಬ್ಯುಲರಿ', 30 ದಿನದಲ್ಲಿ 1500 ಪದ. ದಿನಕ್ಕೆ 50! ಪಿಡಿಎಫ್ ತೋರಿಸಿದ. ಎಡಗಡೆ ಪದ, ಬಲಗಡೆ ಅದೇ ಅರ್ಥದ ಇನ್ನೊಂದು ಇಂಗ್ಲಿಷ್ ಪದ. ಅಷ್ಟೇ. ಒಂದು ವಾಕ್ಯ ಕೂಡ ಇಲ್ಲ. ಪಕ್ಕದಲ್ಲಿ ಕನ್ನಡ ಅರ್ಥ ಬರೆದುಕೊಳ್ಳೋ ಹಾಗಿಲ್ಲವಂತೆ, ಸರ್ ಬೈತಾರಂತೆ, 'ಇಂಗ್ಲಿಷಲ್ಲೇ ಯೋಚನೆ ಮಾಡಬೇಕು' ಅಂತ.

ಸರಿ ಅಂತ ಸುಮ್ಮನಾಗಿ ಅವನ ಇಂಟರ್ನಲ್ಸ್ ಪೇಪರ್ ತೆಗೆಸಿದೆ. ಅಲ್ಲಿಂದ ನನ್ನ ತಲೆ ಕೆಟ್ಟಿದ್ದು.

ಒಂದು ಪ್ರಶ್ನೆಯಲ್ಲಿ ಮೊದಲ ಭಾಗಕ್ಕೆ ಸರಿಯಾಗಿ ಉತ್ತರ ಬರೆದಿದ್ದಾನೆ. ಎರಡನೇ ಭಾಗ 'ಹೆನ್ಸ್ ಶೋ ದಟ್...' ಅಂತ ಶುರುವಾಗುತ್ತೆ. ಅಂದರೆ ಮೇಲೆ ಬಂದ ಉತ್ತರವನ್ನೇ ಬಳಸಿ ತೋರಿಸು, ಎರಡು ಸಾಲಿನ ಕೆಲಸ. ಇವನು ಮತ್ತೆ ಮೊದಲಿನಿಂದ ಹಿಡಿದು ಎರಡು ಪುಟ ಗುದ್ದಾಡಿ ಅರ್ಧಕ್ಕೆ ಬಿಟ್ಟಿದ್ದಾನೆ.

"ಹೆನ್ಸ್ ಅಂದ್ರೆ ಏನೋ?"

"ಅದೇನ್ ದೊಡ್ಡ ಪದ ಅಲ್ಲ ಬಿಡಣ್ಣ. ಸುಮ್ನ ಇರ್ತದ."

ಸುಮ್ಮನೆ ಇರುತ್ತಂತೆ! ಪ್ರಾಬಬಿಲಿಟಿಯಲ್ಲಿ 'ಅಟ್ ಮೋಸ್ಟ್ ಟೂ' ಅನ್ನೋದನ್ನ 'ಎರಡಕ್ಕಿಂತ ಜಾಸ್ತಿ' ಅಂತ ಮಾಡಿಕೊಂಡಿದ್ದಾನೆ. ಮೋಸ್ಟ್ ಇದೆಯಲ್ಲ, ಮತ್ತೆ ಜಾಸ್ತಿ ತಾನೇ. 'ಹೆಚ್ಚೆಂದ್ರೆ ಎರಡು ಕಣೋ, ಸೊನ್ನೆ, ಒಂದು, ಎರಡು' ಅಂದೆ. ನನ್ನ ಮುಖವನ್ನೇ ಒಂದು ಕ್ಷಣ ನೋಡಿದ. 'ರೆಸ್ಪೆಕ್ಟಿವ್ಲಿ' ಅನ್ನೋದನ್ನ ಗೌರವಪೂರ್ವಕವಾಗಿ ಅಂದುಕೊಂಡಿದ್ದ (ನಗಬೇಡಿ, ತರ್ಕ ಸರಿಯಾಗೇ ಇದೆ). "ಕ್ರಮವಾಗಿ ಅಂತ ಕಣೋ ಅದರ ಅರ್ಥ" ಅಂದಾಗ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಯ್ಯ, ಕ್ರಮವಾಗಿ ಅಂತೇನು! ಅದು ನಮಗ ಹತ್ತನೇ ಕ್ಲಾಸ್ನ್ಯಾಗ ಬಂದಿತ್ತಲ್ಲಣ್ಣ!"

ಬಂದಿತ್ತು. ಎಲ್ಲಾ ಬಂದಿತ್ತು. ಕನಿಷ್ಠ, ಗರಿಷ್ಠ, ಆದ್ದರಿಂದ, ಕ್ರಮವಾಗಿ, ಪ್ರತಿಯಾಗಿ... ಹತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗನ ತಲೆಯಲ್ಲಿ ಈ ಎಲ್ಲಾ ವಿಚಾರಗಳೂ ಗಟ್ಟಿಯಾಗಿ ಕೂತಿದ್ದವು. ಅಲ್ಲಿಂದ ಇಂಗ್ಲಿಷಿಗೆ ಒಂದು ಹಲಗೆ ಹಾಸಿಕೊಟ್ಟಿದ್ದರೆ ದಾಟಿಬಿಡುತ್ತಿದ್ದ. ಹಲಗೆ ಹಾಸೋದರ ಬದಲು ಅವನ ಕೈಗೆ ಲೊಕ್ವೇಶಸ್ ಕೊಟ್ಟು ನಾಲ್ಕು ಸಾವಿರ ಕಿತ್ತುಕೊಂಡಿದ್ದಾರೆ. ಎರಡನೇ ವರ್ಷಕ್ಕೆ ಎರಡು ಸಬ್ಜೆಕ್ಟ್ ಬಾಕಿ ಇವೆ, ಆ ಹುಡುಗ ತನಗೆ ಬುದ್ಧಿ ಕಮ್ಮಿ ಅಂತ ನಂಬಿಬಿಟ್ಟಿದ್ದಾನೆ. ಬುದ್ಧಿ ಕಮ್ಮಿ ಅಂತೆ! ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ನನಗಿಂತ ಚೆನ್ನಾಗಿ ಮಾಡ್ತಾನೆ ಮಾರಾಯ್ರೇ.

ಈಗ ನನ್ನ ಕಥೆ ಹೇಳಬೇಕು. ನಾನೇನು ಈ ಪದಪಟ್ಟಿಯ ಮಹಿಮೆ ಗೊತ್ತಿಲ್ಲದೆ ಮಾತಾಡುತ್ತಿಲ್ಲ.

2018ರಲ್ಲಿ ಫೈನಲ್ ಇಯರ್‌ನಲ್ಲಿದ್ದಾಗ ನಾನೂ ಎಲ್ಲರ ಹಾಗೆ ಜಿಆರ್‌ಇ ಜ್ವರ ಹತ್ತಿಸಿಕೊಂಡಿದ್ದೆ. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಬ್ಯಾರನ್ಸ್ ಸಿಕ್ಕಿತು, 3500 ಪದಗಳ ಪಟ್ಟಿ ಇರುವ ಹಳೇ ಪುಸ್ತಕ. ಮೂರು ತಿಂಗಳಲ್ಲಿ ಮುಗಿಸಬೇಕಾದರೆ ದಿನಕ್ಕೆ ಸುಮಾರು 40 ಪದ. ಅಬೇಸ್, ಅಬ್ಯಾಶ್, ಅಬೇಟ್... ನೀವು ಯಾರಾದರೂ ಆ ಪಟ್ಟಿ ಓದಿದವರನ್ನು ಕೇಳಿ ನೋಡಿ, 'ಎ' ಅಕ್ಷರದ ಪದಗಳು ಎಲ್ಲರಿಗೂ ಬರುತ್ತವೆ. 'ಡಿ' ಹೊತ್ತಿಗೆ ಉಸಿರು ಕಟ್ಟುತ್ತೆ. 'ಎಂ' ದಾಟಿದವರನ್ನು ನಾನು ಕಂಡಿಲ್ಲ. ನನ್ನ ಪುಸ್ತಕದ ಹಳೇ ಮಾಲೀಕ 'ಎಫ್'ನಲ್ಲಿ ಪೆನ್ಸಿಲ್ ಇಟ್ಟಿದ್ದ, ನಾನು 'ಜೆ'ನಲ್ಲಿ ಇಟ್ಟೆ. ಮನುಷ್ಯಕುಲ ಹೀಗೆ ಮುಂದುವರಿಯುತ್ತೆ.

ಮಜಾ ಏನು ಗೊತ್ತಾ? ಆ ಪಟ್ಟಿ ಯಾವ ಪರೀಕ್ಷೆಗಾಗಿ ಹುಟ್ಟಿತೋ ಆ ಪರೀಕ್ಷೆಯೇ ಆಗ ಸತ್ತುಹೋಗಿತ್ತು. ಒಂದು ಪದ ಕೊಟ್ಟು ವಿರುದ್ಧಾರ್ಥ ಹೇಳು ಅನ್ನೋ ಪ್ರಶ್ನೆಗಳು, ಇದಕ್ಕೆ ಅದು ಆದರೆ ಅದಕ್ಕೆ ಯಾವುದು ಅನ್ನೋ ಅನಾಲಜಿ ಪ್ರಶ್ನೆಗಳು, ಇವನ್ನೆಲ್ಲ ಜಿಆರ್‌ಇ ನಡೆಸುವ ಇಟಿಎಸ್‌ನವರು 2011ರ ಆಗಸ್ಟಿನಲ್ಲೇ ತೆಗೆದುಹಾಕಿದ್ದರು. ಆಮೇಲೆ ಬಂದಿದ್ದು ವಾಕ್ಯದೊಳಗೆ ಪದ ತುಂಬುವುದು, ಮತ್ತು ಸುಮಾರು ಅರ್ಧದಷ್ಟು ಪ್ಯಾಸೇಜ್ ಓದಿ ಉತ್ತರಿಸುವುದು. 2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯನ್ನೇ ಎರಡು ಗಂಟೆಗಿಂತ ಕಮ್ಮಿಗೆ ಇಳಿಸಿದರು, ವರ್ಬಲ್‌ನಲ್ಲಿ ಒಟ್ಟು 27 ಪ್ರಶ್ನೆ. ಅಮೆರಿಕದ ಕಾಲೇಜು ಸೇರುವ ಹುಡುಗರ ಎಸ್‌ಎಟಿಯಲ್ಲೂ ಇದೇ ಕಥೆ. 2005ರಲ್ಲಿ ಅನಾಲಜಿ ಹೋಯ್ತು, 2016ರಲ್ಲಿ ಯಾರೂ ಬಳಸದ ಕಷ್ಟದ ಪದಗಳನ್ನು ಕೇಳೋದನ್ನೇ ಕೈಬಿಟ್ಟು, ಸಂದರ್ಭದಲ್ಲಿ ಪದದ ಅರ್ಥ ಏನು ಅಂತ ಕೇಳೋಕೆ ಶುರುಮಾಡಿದರು. ಅಂಗಡಿ ಹಾಕಿದವನೇ ಆ ಸರಕು ಮಾರೋದು ನಿಲ್ಲಿಸಿದ್ದಾನೆ, ನಮ್ಮ ಕೋಚಿಂಗ್‌ನವರು ಮಾತ್ರ ಅದೇ ಹಳಸಲನ್ನು ಬಿಸಿ ಮಾಡಿ ಬಡಿಸ್ತಾ ಇದ್ದಾರೆ.

ನನಗೆ ವರ್ಬಲ್‌ನಲ್ಲಿ 170ಕ್ಕೆ 158 ಬಂತು. ಸಾಲದ ಲೆಕ್ಕ ಹಾಕಿ ಅಪ್ಪನ ಮುಖ ನೋಡಿ ಅಮೆರಿಕ ಬಿಟ್ಟು ಇಲ್ಲೇ ಕೆಲಸಕ್ಕೆ ಸೇರಿದೆ. ಸೇರಿದ ಎಂಟನೇ ತಿಂಗಳಿಗೆ ಅಲ್ಲಿನ ಮ್ಯಾನೇಜರಿಂದ ಒಂದು ಮೇಲ್ ಬಂತು. 'ಲೆಟ್ಸ್ ಹೋಲ್ಡ್ ಆಫ್ ಆನ್ ದ ರಿಲೀಸ್.' ಶುಕ್ರವಾರ ಸಂಜೆ. ಟೀಮಿನ ಹಿರಿಯರೆಲ್ಲ ಮನೆಗೆ ಹೋಗಿದ್ದರು. ನಾನು ಓದಿದೆ. ಹೋಲ್ಡ್ ಅಂದರೆ ತಡೆ. ತಡೆ ಆಫ್ ಆಗಿದೆ. ಅಂದರೆ ತಡೆ ತೆಗೆದಿದ್ದಾರೆ! ಖುಷಿಯಿಂದ ರಿಲೀಸ್ ಮಾಡಿ, ದಾರಿಯಲ್ಲಿ ಒಂದು ಪ್ಲೇಟ್ ಗೋಬಿ ತಿಂದು, ಮನೆಗೆ ಹೋಗಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಫೋನು. ಬೆಳಗಿನ ತನಕ ಮಾಡಿದ್ದನ್ನೆಲ್ಲ ವಾಪಸ್ ತೆಗೆಯೋ ಕೆಲಸ. ಸೋಮವಾರ ಆ ಮ್ಯಾನೇಜರ್ ತಣ್ಣಗೆ ಕೇಳಿದ, ನಾನು ಬರೆದಿದ್ದರಲ್ಲಿ ಯಾವ ಭಾಗ ಸ್ಪಷ್ಟವಾಗಿರಲಿಲ್ಲ ಅಂತ. ಏನು ಹೇಳಲಿ? ನನಗೆ ಅಬ್‌ಸ್ಟ್ರೂಸ್ ಗೊತ್ತಿತ್ತು, ರಿಕಾಂಡೈಟ್ ಗೊತ್ತಿತ್ತು. ಹೋಲ್ಡ್ ಗೊತ್ತಿತ್ತು, ಆಫ್ ಕೂಡ ಗೊತ್ತಿತ್ತು. ಹೋಲ್ಡ್ ಆಫ್ ಗೊತ್ತಿರಲಿಲ್ಲ.

3500 ಪದ ಗೊತ್ತಿದ್ದವನಿಗೆ (ಸರಿ, 'ಜೆ' ತನಕ) ಎರಡು ಪುಟ್ಟ ಪದ ಸೇರಿದರೆ ಅರ್ಥ ಆಗಲಿಲ್ಲ. ಪುಟ್ ಅಪ್ ವಿತ್, ಕಾಲ್ ಆಫ್, ಬ್ಯಾಕ್ ಔಟ್, ಲುಕ್ ಇನ್‌ಟು, ರೂಲ್ ಔಟ್... ಆಫೀಸಿನಲ್ಲಿ ಇಡೀ ದಿನ ಹಾರಾಡೋದು ಇವೇ. ಇವು ಯಾವ 'ಅಡ್ವಾನ್ಸ್ಡ್' ಪಟ್ಟಿಯಲ್ಲೂ ಇರೋದಿಲ್ಲ, ಯಾಕಂದ್ರೆ ನೋಡೋಕೆ ದೊಡ್ಡದಾಗಿ ಕಾಣಲ್ಲ. ಹುಡುಗ ಹೇಳಿದ ಹಾಗೆ, 'ದೊಡ್ಡ ಪದ ಅಲ್ಲ, ಸುಮ್ನ ಇರ್ತದ'. ಆರು ವರ್ಷಕ್ಕೂ ಮೇಲಾಯ್ತು ಈ ಕೆಲಸದಲ್ಲಿ. ಇವತ್ತಿನ ತನಕ ಯಾವ ಮೇಲಿನಲ್ಲೂ ಯಾರೂ ನನಗೆ ಲೊಕ್ವೇಶಸ್ ಅಂತ ಬರೆದಿಲ್ಲ.

ನನ್ನ ಜಗಳ ಇರೋದು ಆ 'ಅಡ್ವಾನ್ಸ್ಡ್' ಅನ್ನೋ ಪದದ ಜೊತೆಗೇ. ಅಪರೂಪದ ಪದ ಅಂದರೆ ಮುಂದುವರಿದ ಪದ ಅಂತ ಯಾರು ಹೇಳಿದ್ದು? ನಮ್ಮ ಕನ್ನಡದಲ್ಲೇ ನೋಡಿ. ಒಬ್ಬ ಹೊರಗಿನವನು ಪಟ್ಟಿ ಉರು ಹೊಡೆದು ಕನ್ನಡ ಕಲಿತ ಅಂತ ಇಟ್ಟುಕೊಳ್ಳಿ. ಸಾಯುವುದು, ತೀರಿಕೊಳ್ಳುವುದು, ಹೋಗಿಬಿಡುವುದು, ಶಿವನ ಪಾದ ಸೇರುವುದು, ಗೊಟಕ್ ಅನ್ನುವುದು. ಎಲ್ಲಕ್ಕೂ ಪಟ್ಟಿಯಲ್ಲಿ ಒಂದೇ ಅರ್ಥ. ನಾಳೆ ಅವನು ಸಾವಿನ ಮನೆಗೆ ಬಂದು ಕೈ ಮುಗಿದು 'ನಿಮ್ಮ ತಂದೆಯವರು ಗೊಟಕ್ ಅಂದರಂತೆ, ಕೇಳಿ ಬಹಳ ಬೇಜಾರಾಯ್ತು' ಅಂದರೆ? ಅವನ ಪದಸಂಪತ್ತು ಅಡ್ವಾನ್ಸ್ಡ್ ಅಂತ ಮೆಚ್ಚಿಕೊಂಡು ಕೂರಿಸಿ ಕಾಫಿ ಕೊಡ್ತೀರಾ?

ನಮ್ಮ ಹುಡುಗರು ಇಂಗ್ಲಿಷಿನಲ್ಲಿ ದಿನಾ ಮಾಡ್ತಿರೋದು ಇದನ್ನೇ. ಕಾಲೇಜಿನಲ್ಲಿ ನನ್ನ ಬೆಂಚ್‌ಮೇಟ್ ಒಬ್ಬ ವಿದೇಶಿ ಯೂನಿವರ್ಸಿಟಿಗೆ ಬರೆದ ಅರ್ಜಿಯಲ್ಲಿ ತನ್ನ ಅಜ್ಜ ತಾಲೂಕಿನಲ್ಲೇ 'ನೊಟೋರಿಯಸ್' ಮೇಷ್ಟ್ರು ಅಂತ ಹಾಕಿದ್ದ. ಪಟ್ಟಿಯಲ್ಲಿ ನೊಟೋರಿಯಸ್ ಅಂದರೆ ವೆಲ್ ನೋನ್ ಅಂತ ಇತ್ತು, ಪಾಪ ಅವನದೇನು ತಪ್ಪು. ಫ್ರೂಗಲ್ ಅಂದರೂ ಪಾರ್ಸಿಮೋನಿಯಸ್ ಅಂದರೂ ಪಟ್ಟಿಗೆ ಒಂದೇ. ಮೊದಲನೆಯದು ಅಮ್ಮನಿಗೆ ಹೇಳುವ ಮಾತು, ಎರಡನೆಯದು ಬಡ್ಡಿ ಸಾಹುಕಾರನಿಗೆ. ಹಿತಮಿತ ಅನ್ನೋದಕ್ಕೂ ಜಿಪುಣತನ ಅನ್ನೋದಕ್ಕೂ ಇರುವ ವ್ಯತ್ಯಾಸ ಕನ್ನಡದಲ್ಲಿ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಕನ್ನಡ ಅರ್ಥ ಬರೆದುಕೊಳ್ಳಬೇಡ ಅನ್ನೋ ಮೇಷ್ಟ್ರು ಆ ವ್ಯತ್ಯಾಸವನ್ನೇ ಮಗುವಿನ ಕೈಯಿಂದ ಕಿತ್ತುಕೊಳ್ತಾನೆ. 'ಸೈಕೊಫ್ಯಾಂಟ್' ಪಕ್ಕದಲ್ಲಿ ಫ್ಲ್ಯಾಟರರ್ ಅಂತ ಬರೆದರೆ ನಾಳೆ ಮರೆಯುತ್ತೆ. ಬಕೆಟ್ ಹಿಡಿಯೋನು ಅಂತ ಬರೆದು ನೋಡಿ, ಆಫೀಸಿನಲ್ಲಿ ಯಾರ ಮುಖ ನೆನಪಾಯ್ತೋ ಆ ಮುಖದ ಜೊತೆ ಪದವೂ ಸಾಯೋ ತನಕ ಇರುತ್ತೆ :)

ಇನ್ನೊಂದು. ಈ ಪಟ್ಟಿಗಳಲ್ಲಿ ಕಾಯಂ ಆಗಿ ಇರುವ ಒಂದು ಪದ 'ಪರಾಯ'. ಅರ್ಥ: ಸೋಶಿಯಲ್ ಔಟ್‌ಕಾಸ್ಟ್. ನಾನೂ ಉರು ಹೊಡೆದಿದ್ದೆ. ಕಾರ್ಡಿನ ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ. ಅದು ತಮಿಳಿನಿಂದ ಇಂಗ್ಲಿಷಿಗೆ ಹೋದ ಪದ, ಪರೈ ಎಂಬ ಚರ್ಮವಾದ್ಯದಿಂದ ಹೆಸರು ಬಂದ ಒಂದು ಜಾತಿಯ ಹೆಸರು, ಇವತ್ತೂ ನಮ್ಮ ಪಕ್ಕದ ರಾಜ್ಯದಲ್ಲಿ ಲಕ್ಷಾಂತರ ಜನರ ಹೆಸರು ಅಂತ ನನಗೆ ಗೊತ್ತಾಗಿದ್ದು ಪರೀಕ್ಷೆ ಮುಗಿದು ಎಷ್ಟೋ ವರ್ಷಕ್ಕೆ, ಚೆನ್ನೈನ ಒಬ್ಬ ಸಹೋದ್ಯೋಗಿ ಹೇಳಿದಾಗ. ಅವನ ಎದುರಿಗೆ ನಾನು ಆ ಪದವನ್ನು ಮೀಟಿಂಗಿನಲ್ಲಿ ಬಳಸಿದ್ದೆ, ದೊಡ್ಡ ಪದ ಬಳಸಿದೆ ಅಂತ ಒಳಗೊಳಗೇ ಬೀಗಿಕೊಂಡು. ಅವನು ಕೂಗಾಡಲಿಲ್ಲ. ಮೀಟಿಂಗ್ ಮುಗಿದ ಮೇಲೆ ಪಕ್ಕಕ್ಕೆ ಕರೆದು ಎರಡೇ ಮಾತು ಹೇಳಿದ. ಪದವನ್ನು ಅದರ ಊರು-ಕೇರಿ ಬಿಡಿಸಿ ಕಾರ್ಡಿನ ಮೇಲೆ ಹಚ್ಚಿದರೆ ಹೀಗೇ ಆಗೋದು. ಅದರ ಬಗ್ಗೆ ಜಾಸ್ತಿ ಬರೆಯೋಕೆ ಈಗಲೂ ಕಷ್ಟ ಆಗುತ್ತೆ, ಮುಂದಕ್ಕೆ ಹೋಗ್ತೀನಿ.

ಹಾಗಾದರೆ ಪಟ್ಟಿಯೇ ಬೇಡವಾ? ಹಾಗೇನಿಲ್ಲ. ಪಟ್ಟಿ ಮಾಡೋದರಲ್ಲೂ ತಲೆ ಓಡಿಸಿದವರಿದ್ದಾರೆ. ಮೈಕೆಲ್ ವೆಸ್ಟ್ ಅಂತ ಒಬ್ಬ ಇಂಗ್ಲಿಷ್ ಮೇಷ್ಟ್ರು ಇದ್ದ. ಕೆಲಸ ಮಾಡಿದ್ದು ನಮ್ಮ ಕಡೆಯೇ, ಅಂದಿನ ಬಂಗಾಳದ ಢಾಕಾದಲ್ಲಿ. ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಯಾಕೆ ಹತ್ತುತ್ತಿಲ್ಲ ಅಂತ ನೋಡಿ 1926ರಲ್ಲಿ ಒಂದು ದೊಡ್ಡ ವರದಿ ಬರೆದ. ಮೊದಲು ಓದೋಕೆ ಕಲಿಸಿ, ಬಹಳ ಬಳಕೆಯಲ್ಲಿರುವ ಪದಗಳಿಂದ ಶುರುಮಾಡಿ ಅನ್ನೋದು ಅವನ ವಾದ. ಅಂಥಾ ಸೀಮಿತ ಪದಗಳಲ್ಲೇ ಮಕ್ಕಳಿಗೆ ಓದುವ ಪುಸ್ತಕಗಳನ್ನೂ ತಯಾರು ಮಾಡಿದ. 1953ರಲ್ಲಿ ಸುಮಾರು 2000 ಪದಗಳ 'ಜನರಲ್ ಸರ್ವಿಸ್ ಲಿಸ್ಟ್' ತಂದ. ಒಂದೊಂದು ಪದಕ್ಕೂ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಅಂತ ಅದರಲ್ಲಿ ತೋರಿಸಿದ್ದಾನೆ.

ಅದರ ಮುಂದಿನ ಮೆಟ್ಟಿಲು ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ ಮಾಡಿದ್ದು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನದ ಕಾಲೇಜು ಮಟ್ಟದ ಬರಹಗಳಿಂದ 35 ಲಕ್ಷ ಪದಗಳನ್ನು ಒಟ್ಟುಹಾಕಿ ಎಣಿಸಿ ನೋಡಿ, ವೆಸ್ಟ್‌ನ ಪಟ್ಟಿಯಲ್ಲಿ ಇಲ್ಲದ ಆದರೆ ಎಲ್ಲಾ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿ 2000ದಲ್ಲಿ ಪ್ರಕಟಿಸಿದರು. ಬರೀ 570! ಆ ಬರಹಗಳಲ್ಲಿ ಹತ್ತಕ್ಕೆ ಒಂದು ಪದ ಈ ಪಟ್ಟಿಯದ್ದು. ಏನಿದೆ ಅದರಲ್ಲಿ? ಅಸ್ಯೂಮ್, ಡಿರೈವ್, ಇಂಡಿಕೇಟ್, ಸಿಗ್ನಿಫಿಕೆಂಟ್, ವೇರಿ, ವೇರ್‌ಆ್ಯಸ್... ಮತ್ತೆ ಹೌದು, ಹೆನ್ಸ್. ನಮ್ಮ ಹುಡುಗನನ್ನು ಫೇಲ್ ಮಾಡಿಸಿದ ಪದ ಅಲ್ಲಿ ಕೂತಿದೆ. ಲೊಕ್ವೇಶಸ್ ಇಲ್ಲ.

ಈ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ನಾಲ್ಕು ಸಾವಿರ ಕೊಡಬೇಕಿಲ್ಲ. ಆದರೆ ಇದನ್ನು ಮಾರೋಕೆ ಆಗಲ್ಲವಲ್ಲ, ಅದೇ ಸಮಸ್ಯೆ. 'ಬನ್ನಿ, ನಿಮಗೆ ವೇರ್‌ಆ್ಯಸ್ ಕಲಿಸ್ತೀವಿ' ಅಂತ ಬೋರ್ಡ್ ಹಾಕಿದರೆ ಯಾರು ದುಡ್ಡು ಕಟ್ತಾರೆ? ಗೊತ್ತಿಲ್ಲದ ಪದ ನೋಡಿ ಹೆದರೋ ಹುಡುಗನಿಗೆ ಇನ್ನಷ್ಟು ಗೊತ್ತಿಲ್ಲದ ಪದ ತೋರಿಸಿ ಇನ್ನಷ್ಟು ಹೆದರಿಸೋದು, ಆಮೇಲೆ ತಾಯಿತ ಮಾರೋದು. ನಮ್ಮೂರ ಜಾತ್ರೆಯಲ್ಲಿ ಹಾವಿನ ಬುಟ್ಟಿ ಇಟ್ಟುಕೊಂಡು ಬರೋನು ಮಾಡೋದೂ ಇದನ್ನೇ. ಅವನು ಕೊನೇಪಕ್ಷ ಹಾವನ್ನಾದರೂ ತೋರಿಸ್ತಾನೆ.

ಕಷ್ಟದ ಪದ ಕಲಿಯೋದೇ ತಪ್ಪು ಅಂತಾನೂ ನಾನು ಹೇಳ್ತಿಲ್ಲ. ನನಗೆ ಪದಗಳ ಹುಚ್ಚು ಇನ್ನೂ ಬಿಟ್ಟಿಲ್ಲ. ಆದರೆ ಅದಕ್ಕೂ ನಮ್ಮ ಹುಡುಗರ ಕೈಯಲ್ಲಿ ಒಂದು ಕೀಲಿಕೈ ಇದೆ, ಅದನ್ನು ಯಾವ ಕೋಚಿಂಗೂ ಮುಟ್ಟಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು ತಲೆ ಮೇಲೆ ಮೊಟಕಿ ತತ್ಸಮ-ತದ್ಭವ ಕಲಿಸಿದ್ದು ನೆನಪಿದೆಯಾ? ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳು ಎಷ್ಟೋ ಲ್ಯಾಟಿನ್, ಗ್ರೀಕ್ ಪದಗಳ ದಾಯಾದಿಗಳು. 1786ರಲ್ಲಿ ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಇದನ್ನು ಹೇಳಿದಾಗಿನಿಂದ ಜಗತ್ತಿಗೆಲ್ಲ ಗೊತ್ತು. 'ಜೆನುಫ್ಲೆಕ್ಟ್' ಅಂದರೆ ಮಂಡಿಯೂರುವುದು. ಜೆನು ಅಂದರೆ ಮಂಡಿ, ನಮ್ಮ ಆಜಾನುಬಾಹುವಿನಲ್ಲಿರುವ ಜಾನು! 'ಅನಾನಿಮಸ್' ಬಿಡಿಸಿದರೆ ಅನ್ ಮತ್ತು ಹೆಸರು, ನಮ್ಮ ಅನಾಮಿಕ ಅದರ ಅಣ್ಣತಮ್ಮ. 'ಆ್ಯಂಬ್ರೋಸಿಯ' ಗ್ರೀಕ್ ದೇವತೆಗಳ ಆಹಾರ, ಅಕ್ಷರ ಅಕ್ಷರಕ್ಕೂ ನಮ್ಮ ಅಮೃತದ ಸಂಬಂಧಿ. 'ಆ್ಯಗ್ನಾಸ್ಟಿಕ್'ನೊಳಗೆ ಕೂತಿರೋದು ಜ್ಞಾನ, 'ಪೆಡೆಸ್ಟ್ರಿಯನ್'ನೊಳಗೆ ಪಾದ. 'ಪ್ರೊಕ್ರಾಸ್ಟಿನೇಟ್' ಮಾತ್ರ ದಾಯಾದಿ ಅಲ್ಲ. ಲ್ಯಾಟಿನ್‌ನಲ್ಲಿ ಕ್ರಾಸ್ ಅಂದರೆ ನಾಳೆ, ನಾಳೆಗೆ ತಳ್ಳೋದು. ಹಾಸ್ಟೆಲಿನಲ್ಲಿ ಇದನ್ನ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ "ಅಂದ್ರೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ರಲ್ಲ, ಹಂಗೆ" ಅಂದ. ಇಡೀ ರೂಮು ನಕ್ಕಿತು. ಆ ಪದ ಈಗ ಅವರಲ್ಲಿ ಯಾರೂ ಮರೆಯಲ್ಲ, ನಾನು ಬೆಟ್ ಕಟ್ತೀನಿ.

ನಾರ್ಮನ್ ಲೂಯಿಸ್ 1949ರಲ್ಲಿ ಬರೆದ 'ವರ್ಡ್ ಪವರ್ ಮೇಡ್ ಈಸಿ' ಸಿಗ್ನಲ್ಲಿನಲ್ಲೂ ಮಾರ್ತಾರಲ್ಲ, ಅವನ ದಾರಿಯೂ ಬೇರು ಹಿಡಿದು ಹೋಗೋದೇ. ಆದರೆ ಅವನಿಗೆ ಆಜಾನುಬಾಹು ಗೊತ್ತಿರಲಿಲ್ಲ, ನಮಗೆ ಗೊತ್ತು. ನಮ್ಮ ಹುಡುಗರಿಗೆ ಹೇಳಬೇಕಾದವರು ನಾವು.

ನಾವು ಅಂದೆನಲ್ಲ, ಇಲ್ಲಿ ನಮ್ಮವರಿಗೂ ಎರಡು ಮಾತು. ಕನ್ನಡ ಬ್ಲಾಗಿಗರು ಇಂಗ್ಲಿಷ್ ಅಂದ ಕೂಡಲೇ 'ವ್ಯಾಮೋಹ' ಅಂತ ಒಂದು ಪೋಸ್ಟ್ ಹಾಕಿ ಕೈ ತೊಳೆದುಕೊಳ್ತೀವಿ. ನಮ್ಮಲ್ಲಿ ಬಹಳಷ್ಟು ಜನ ಇಂಗ್ಲಿಷಿನಿಂದ ಸಂಬಳ ಎಣಿಸಿ ಕನ್ನಡದಲ್ಲಿ ಕಣ್ಣೀರು ಹಾಕೋರು, ನನ್ನನ್ನೂ ಸೇರಿಸಿ. ಸಿಂಧನೂರಿನ ಹುಡುಗನಿಗೆ ಆ ಕಣ್ಣೀರಿನಿಂದ ಏನು ಉಪಯೋಗ? ಅವನಿಗೆ ಇಂಗ್ಲಿಷ್ ಬೇಕು, ನಾಳೆಯಲ್ಲ, ಈ ಸೆಮಿಸ್ಟರ್‌ಗೇ ಬೇಕು. ದೊಡ್ಡ ಪದದ ಚಟದಲ್ಲಿ ನಾವೇನು ಕಮ್ಮಿಯಾ? ನಿಮ್ಮ ಬ್ಲಾಗಿನಲ್ಲಿ 'ಅನುಸಂಧಾನ' ಎಷ್ಟು ಸಲ ಬಂದಿದೆ ಎಣಿಸಿ ನೋಡಿ. ನಾನು ನನ್ನದರಲ್ಲಿ ಎಣಿಸಿದೆ. ಸಂಖ್ಯೆ ಹೇಳಲ್ಲ :(

ಓದಿಸೋಣ ಅಂತ ಮೊನ್ನೆ ಹಾಸ್ಟೆಲ್ಲಿಗೆ 'ಸ್ವಾಮಿ ಆ್ಯಂಡ್ ಫ್ರೆಂಡ್ಸ್' ತಗೊಂಡು ಹೋದೆ. ಆರ್.ಕೆ. ನಾರಾಯಣ್ ಬರೆದು, 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿದ್ದು. ಪುಟಗಟ್ಟಲೆ ತಿರುವಿದರೂ ಬ್ಯಾರನ್ಸ್ ಪಟ್ಟಿಯ ಪದ ಸಿಗೋದು ಅಪರೂಪ. ಹಿಂದಿನ ಸಾಲಿನವನಿಗೆ ಶಂಕರ್ ನಾಗ್ ಸೀರಿಯಲ್ಲಿನ ಟ್ಯೂನ್ ಗೊತ್ತಿತ್ತು, ಅದೇ ಕಥೆ ಅಂತ ಗೊತ್ತಿರಲಿಲ್ಲ. ನಾಲ್ಕು ಜನ ಸರದಿಯಲ್ಲಿ ಗಟ್ಟಿಯಾಗಿ ಓದಿದರು. ಅರ್ಥ ಆಗದ ಕಡೆ ನಿಲ್ಲಿಸಿದರು. ನಿಲ್ಲಿಸಿದ ಕಡೆಯೆಲ್ಲ ಇದ್ದದ್ದು ಪುಟ್ಟ ಪುಟ್ಟ ಪದಗಳೇ. ಒಂದೂವರೆ ಗಂಟೆಗೆ ಆರು ಪುಟ. ನಿಧಾನ, ಬಹಳ ನಿಧಾನ. ಇನ್ನು ಮೂರು ತಿಂಗಳಲ್ಲಿ ಸೆಮಿಸ್ಟರ್ ಪರೀಕ್ಷೆ ಇದೆ, ಅಷ್ಟರೊಳಗೆ ಏನಾದರೂ ಆಗುತ್ತಾ ಗೊತ್ತಿಲ್ಲ. ಅದರ ಜೊತೆಗೇ ಹಳೇ ಪ್ರಶ್ನೆಪತ್ರಿಕೆಗಳನ್ನು ಕೂತು ಓದಿಸ್ತಿದ್ದೀನಿ. ಉತ್ತರಕ್ಕಲ್ಲ, ಬರೀ ಪ್ರಶ್ನೆ ಏನು ಕೇಳ್ತಿದೆ ಅಂತ ಕನ್ನಡದಲ್ಲಿ ಹೇಳೋಕೆ.

ಸಿಂಧನೂರಿನ ಹುಡುಗ ಒಂದು ಹೊಸ ನೋಟ್‌ಬುಕ್ ತಂದಿದ್ದ. ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ, ಕೆಳಗೆ ಆ ಪದ ಸಿಕ್ಕ ವಾಕ್ಯ. ಮೊದಲನೇ ಸಾಲು: ಹೆನ್ಸ್ - ಆದ್ದರಿಂದ, ಮ್ಯಾಲಿನ ಉತ್ತರ ಹಿಡ್ಕೊಂಡು ಮುಂದ ಹೋಗು. ಮೂರನೇ ಪುಟದಲ್ಲಿ ಇನ್ನೊಂದು ಇತ್ತು: ಹೋಲ್ಡ್ ಆಫ್ - ತಡಿ. ಅಣ್ಣ ತಡೀಲಿಲ್ಲ.

ವಿಜಯನಗರ, ಚಂದ್ರಾ ಲೇಔಟ್, ನಾಗರಬಾವಿ ಸುತ್ತಮುತ್ತ ಇರೋ ಬ್ಲಾಗಿಗರು ಯಾರಾದರೂ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಡ್ತೀರಾದರೆ ಇಲ್ಲೇ ಕಮೆಂಟ್ ಹಾಕಿ. ರೊಟ್ಟಿ ಗ್ಯಾರಂಟಿ. ಬರೋಕಾಗದವರು ಹಳೇ ಟಿಂಕಲ್, ರಸ್ಕಿನ್ ಬಾಂಡ್ ಏನಿದ್ದರೂ ಕಳಿಸಿ. 3500 ಪದದ ಪುಸ್ತಕ ಮಾತ್ರ ಬೇಡ, ನನ್ನ ಹತ್ತಿರ ಒಂದಿದೆ, 'ಜೆ'ನಲ್ಲಿ ಪೆನ್ಸಿಲ್ ಇಟ್ಟಿರೋದು.